ಬಿಳಿ ಗೇಟು ಎಂಬ ಮಟ್ಟು

ಮುಂದಿನ ಸೀಟಿನ ಹೆಂಗಸಿನ ತಲೆವಸ್ತ್ರದ ಮೇಲೆ ಮಳೆಹನಿಗಳು, ಒಂದೂ ಒಳಗೆ ಇಳಿದಿಲ್ಲ, ಬಸ್ಸು ಕುಲುಕಿದಾಗ ಒಂದಕ್ಕೊಂದು ಕೂಡಿಕೊಂಡು ಜಾರುತ್ತವೆ, ಡೆಲಿಯಾ ಎಣಿಸಲು ಹೋದಳು, ಏಳು, ಅಲ್ಲ ಆರು, ಎರಡು ಸೇರಿ ಒಂದಾದರೆ ಹೇಗೆ ಎಣಿಸುವುದು — ಮೂರು ತಿಂಗಳಿಂದ ಅವಳದು ಇದೇ ಗೋಳು, ಕುಣಿತದ ಒಂದೇ ಮಟ್ಟಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಊರಿಗೊಂದು ಮಟ್ಟು, ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮ್ಯಾಲಕಿ, ನಲವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡ, ಈಸ್ಟರಿಗೆ ಮೊದಲು ಲಕ್ವ ಹೊಡೆದು ಪಿಟೀಲಿನ ಕಮಾನು ಹಿಡಿಯುವ ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು, ಉಳಿದದ್ದು ನಾಲ್ಕೇ, ಹೂಂ, ಇಲ್ಲ, ಚಹಾ, ಬಿಳಿ ಗೇಟು. ಮೊದಲ ಸಲ ಅಂದಾಗ ಅವಳು ಅಂಗಳಕ್ಕೆ ಹೋಗಿ ನೋಡಿ ಬಂದಳು, ನಮ್ಮ ಗೇಟು ಹಸಿರಲ್ವೇನ್ರೀ, ತುಕ್ಕು ಬೇರೆ ಹಿಡಿದಿದೆ ಅಂದಳು, ಅವನು ಎಡಗೈಯನ್ನು ಗಾಳಿಯಲ್ಲಿ ಕಮಾನಿನ ಹಾಗೆ ಎಳೆದು ತೋರಿಸಿದ, ಓ, ಮಟ್ಟಾ, ಅಷ್ಟೇನಾ, ಬಿಳಿ ಗೇಟು ಗೊತ್ತಿಲ್ಲದವರು ಈ ಕಡೆ ಯಾರಿದ್ದಾರೆ, ತನ್ನ ಕಾನ್ಸರ್ಟಿನಾ, ಎರಡೂ ಕೈಯಲ್ಲಿ ಹಿಡಿದು ಒತ್ತುವ ಪುಟ್ಟ ತಿದಿವಾದ್ಯ, ತೆಗೆದು ಬಾರಿಸಿದಳು, ಇಲ್ಲ, ಅಂದ. ಮಾಸ್ತರ್ ಫೀಲಿಯವರ ಹತ್ತಿರ ಹೋದಳು, ಊರೂರು ಅಲೆದು ಮಟ್ಟುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದವರು, ನಮ್ಮ ಬಿಳಿ ಗೇಟನ್ನ ಗರ್ಟೀನಿನವ್ರು ಬಿಷಪ್ಪನ ಕೊಡೆ ಅಂತಾರೆ, ಗರ್ಟೀನಿನ ಬಿಳಿ ಗೇಟೇ ಬೇರೆ, ಲೀಟ್ರಿಮ್ ಕಡೆ ಹೋದ್ರೆ ಅದೇ ಓಡಿಹೋದ ಹೇಂಟೆ, ಅಂದರು ಮಾಸ್ತರು, ಮತ್ತೆ ಹೇಂಟೆ ಅಂದ್ರೆ ನೀವು ತಿಳ್ಕೊಂಡಿರೋ ಹೇಂಟೆ ಅಲ್ಲ, ಅಂದರು. ಅವಳು ಕೊಡೆ ಕಲಿತಳು, ಎರಡೂ ಹೇಂಟೆ ಕಲಿತಳು, ಅರವತ್ತನಾಲ್ಕರ ಬೆರಳು, ಒಂದೊಂದಕ್ಕೂ ವಾರಗಟ್ಟಲೆ, ಇಲ್ಲ, ಇಲ್ಲ, ಕೊನೆಯ ಸಲ ಅವನು ಚಹಾದ ಕಪ್ಪನ್ನೇ ತಳ್ಳಿಬಿಟ್ಟ, ತಳ್ಳಿ ಅತ್ತ. ಇವತ್ತು ಬೆಳಿಗ್ಗೆ ಬಾಯ್ಲ್ ಪಟ್ಟಣಕ್ಕೆ ಹೋದದ್ದು ಅದಕ್ಕೇ, ಮದುವೆಗೆ ಮುಂಚೆ ಮ್ಯಾಲಕಿಯ ಬ್ಯಾಂಡಿನಲ್ಲಿ ಕೊಳಲು ನುಡಿಸುತ್ತಿದ್ದ ಹ್ಯೂಬರ್ಟ್ ಡ್ರೂರಿಯ ಮನೆಗೆ, ಎಂಬತ್ತನಾಲ್ಕು ವರ್ಷ, ಬಾಯಲ್ಲಿ ಹಲ್ಲಿಲ್ಲ, ಕೇಳಿದ್ದೇ ನಗಲು ಶುರುಮಾಡಿದ, ಅದು ಪುಸ್ತಕದಲ್ಲಿ ಎಲ್ಲಿ ಸಿಗತ್ತೆ ತಾಯಿ, ಅದನ್ನ ಹಾಗೆ ಕರೀತಿದ್ದದ್ದು ನಾವು ಐದೇ ಜನ, ಮೂವರು ಮಣ್ಣಲ್ಲಿದ್ದಾರೆ, ಒಬ್ಬನಿಗೆ ಮಾತಿಲ್ಲ, ಇನ್ನೊಬ್ಬ ನಾನು. ಬೊಚ್ಚು ಬಾಯಲ್ಲೇ ಗುನುಗಿ ತೋರಿಸಿದ, ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಡೆಲಿಯಾ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟಳು, ಅದು ಅವಳದೇ ಮಟ್ಟು, ಹೆಸರು ಡೆಲಿಯಾಳ ಮದುವೆ, ಮಾಸ್ತರರ ನೋಟ್‌ಬುಕ್ಕಿನಲ್ಲೂ ಅದೇ ಹೆಸರು, ಮದುವೆಯ ಬೆಳಿಗ್ಗೆ ಅಪ್ಪನ ಅಡುಗೆಮನೆಯಲ್ಲಿ ಮ್ಯಾಲಕಿ ನಿಂತು ನುಡಿಸಿದ್ದ, ನಿಂಗೋಸ್ಕರ ಕಟ್ಟಿದ್ದು ಕಣೇ, ಹೆಸರೂ ನಿಂದೇ. ಹ್ಯೂಬರ್ಟನಿಗೆ ಏನು ಗೊತ್ತು, ಅವನು ಹೇಳುತ್ತಲೇ ಹೋದ, ಬ್ಯಾಲಿನಫ್ಯಾಡಿನಲ್ಲಿ ವಿನ್ನಿ ಟ್ಯಾನ್ಸಿ ಅಂತ ಒಬ್ಳು ಇದ್ಲು, ಅವಳ ಮನೆ ಗೇಟಿಗೆ ಬಿಳಿ ಬಣ್ಣ, ಅವಳು ಗುನುಗ್ತಿದ್ದದ್ದನ್ನೇ ನಿನ್ನ ಗಂಡ ಪಿಟೀಲಿಗೆ ಇಳಿಸ್ಕೊಂಡ, ಒಂದಿನ ಹಸಿ ಬಣ್ಣಕ್ಕೆ ಒರಗಿ ನಿಂತು ಕರಿ ಕೋಟಿನ ತೋಳೆಲ್ಲ ಬೆಳ್ಳಗೆ ಮಾಡ್ಕೊಂಡು ಬಂದಿದ್ದ, ನಾವು ನಕ್ಕಿದ್ದೇ ನಕ್ಕಿದ್ದು, ಆಮೇಲೆ ಅವಳು ಬಾಸ್ಟನ್ನಿಗೆ ಹೋದ್ಲು ಬಿಡು — ಆಗ ಡೆಲಿಯಾಳ ಮುಖ ನೋಡಿದ, ಇನ್ನೊಂಚೂರು ಚಹಾ ಹಾಕ್ಲಾ ತಾಯಿ, ಅಂದ.

ಬಸ್ಸು ಗುಡ್ಡ ಇಳಿಯುತ್ತಿದೆ, ಬ್ಯಾಲಿನಫ್ಯಾಡು ಬಂತು, ಡೆಲಿಯಾ ಗಾಜು ಒರೆಸಿದಳು, ಹಸಿರು ಗೇಟು, ಅಲ್ಯೂಮಿನಿಯಂ ಗೇಟು, ಗೇಟೇ ಇಲ್ಲದ ಒಂದು ಮನೆ, ಇದೋ, ಅದೋ, ನಲವತ್ತು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದಾಳೆ — ಆ ಕೋಟು. ಆ ಕೋಟು ಅವಳಿಗೆ ಗೊತ್ತು. ಮದುವೆಯಾದ ಮೊದಲ ಚಳಿಗಾಲದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಟರ್ಪೆಂಟೈನ್ ಹಾಕಿ ತಿಕ್ಕಿದವಳು ಅವಳೇ, ಇದೆಲ್ಲಿ ಹತ್ತಿಸ್ಕೊಂಡ್ರಿ ಅಂದರೆ, ಎಲ್ಲೋ ಒರಗಿದ್ದೆ ಬಿಡು, ಅಂದಿದ್ದ, ಬಟ್ಟೆ ತೆಳ್ಳಗಾಗುವ ತನಕ ತಿಕ್ಕಿದ್ದಳು, ಬಿಳಿ ಹೋಗಿರಲಿಲ್ಲ, ಹಾಗೇ ಆ ಕೋಟನ್ನು ಚರ್ಚಿನ ಪೂಜೆಗೂ ತೊಟ್ಟ, ಕುಣಿತಕ್ಕೂ ತೊಟ್ಟ, ಕುಣಿತದಲ್ಲಿ ಯಾರೋ ಕೂಗುತ್ತಿದ್ದರು, ಈಗ ಡೆಲಿಯಾಳ ಮದುವೆ, ಎಲ್ಲರೂ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದರು, ಅವಳು ನಾಚಿ ತಲೆ ತಗ್ಗಿಸುತ್ತಿದ್ದಳು, ತಗ್ಗಿಸಿದ ಕಣ್ಣಿಗೆ ಕಾಣುತ್ತಿದ್ದದ್ದು ಕಮಾನು ಎಳೆಯುವ ಆ ತೋಳು. ಆದರೆ ಡಾಕ್ಟರು ಹೇಳಿದ್ದರಲ್ಲ, ಹೊಸ ಮಾತು ಮೊದಲು ಹೋಗತ್ತೆ, ಹಳೇದು ತಳದಲ್ಲಿ ಉಳಿಯತ್ತೆ, ಅಂತ, ಹಾಗಾದರೆ ಅವನು ಕೇಳುತ್ತಿರುವುದು ಡೆಲಿಯಾಳ ಮದುವೆಯನ್ನೇ ಇರಬಹುದು, ಹೆಸರು ಮಾತ್ರ ಹಳೆಯದು ಕೈಗೆ ಸಿಕ್ಕಿದೆ, ಅಥವಾ ಅಲ್ಲ, ಅಥವಾ ಅವನು ಇರುವುದೇ ಅಲ್ಲಿ, ಆ ಗೇಟಿನ ಹತ್ತಿರ, ಡೆಲಿಯಾ ಅನ್ನುವವಳು ಇನ್ನೂ ಸಿಕ್ಕೇ ಇಲ್ಲ, ಹಾಗಾದರೆ ದಿನಾ ಅವನ ಬಾಯಿ ಒರೆಸುವ ಹೆಂಗಸು ಯಾರು, ಇಳಿಯೋದಿಲ್ವಾ ಮಿಸೆಸ್ ಕಿಲ್ಕಾಯ್ನ್, ಡ್ರೈವರು ಎರಡು ಸಲ ಕೇಳಿದ ಮೇಲೆ ಎದ್ದಳು.

ಮನೆಯಲ್ಲಿ ಮ್ಯಾಲಕಿಯ ಕಾವಲಿಗೆ ಕೂತಿದ್ದ ಪಕ್ಕದ ಮನೆಯ ಬ್ರಿಜಿ ಎದ್ದು ಹೋದಳು, ಅವನು ತಿರುಗಿ ನೋಡಿದ, ಬಿಳಿ ಗೇಟು, ಅಂದ, ಸಿಗಲಿಲ್ಲ ಅಂದುಬಿಡಬಹುದು, ಕೇಳುವವರು ಯಾರು, ಹ್ಯೂಬರ್ಟ್ ಬಾಯಿಬಿಡುವುದಿಲ್ಲ, ಅವಳು ತನ್ನ ಕೋಟು ಬಿಚ್ಚಲಿಲ್ಲ, ಹಾಗೇ ಸ್ಟೂಲಿನ ಮೇಲೆ ಕೂತು ಕಾನ್ಸರ್ಟಿನಾ ತೆಗೆದು ಬಾರಿಸಿದಳು, ಬೆರಳುಗಳಿಗೆ ಹುಡುಕುವ ಕೆಲಸವೇ ಇರಲಿಲ್ಲ, ಮೊದಲ ಸುತ್ತು ಮುಗಿಯುವ ಮುಂಚೆ ಅವನ ಎಡಗೈ ಮೇಲೆದ್ದಿತು, ಸೊಟ್ಟಗಾದ ಬಾಯಿ ನಗುತ್ತಿತ್ತು, ಹೂಂ, ಹೂಂ, ಈಸ್ಟರಿನಿಂದ ನಗದ ಮನುಷ್ಯ. ಅವಳು ನಿಲ್ಲಿಸಿದಳು. ಮ್ಯಾಲಕಿ, ಇದು ಯಾರದು? ಅವನು ಜೇಬಿನಲ್ಲಿ ಏನೋ ತಡಕುವವನ ಹಾಗೆ ನೋಡಿದ. ನಂದಾ? ಹೂಂ. ವಿನ್ನಿದಾ? ಹೂಂ, ಅದೇ ನಗು, ಅದೇ ಹೂಂ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಗಾಳಿಯಲ್ಲಿ ಎಡಗೈ ಎಳೆದ, ಮತ್ತೆ ಬೇಕು, ಬಿಳಿ ಗೇಟು, ಅವಳು ಮತ್ತೆ ಬಾರಿಸಿದಳು, ಕಣ್ಣು ಮುಚ್ಚಿದರೆ ಮೇಜು, ಮೇಜಿನ ಮೇಲೆ ಕರಿ ಕೋಟು, ತೋಳು, ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿ, ಅವಳು ತಿಕ್ಕುತ್ತಾಳೆ, ಬಟ್ಟೆ ತೆಳ್ಳಗಾಗುತ್ತದೆ, ತಿಕ್ಕುತ್ತಾಳೆ, ತೋಳು, ಬಿಳಿ, ತೋಳು