ಕಣಜ ಕಡಿದಷ್ಟೂ ಮೈ ಗಟ್ಟಿಯೇ?

ಶಹಾಬಾದಿನ ಸುತ್ತ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತುವವರಿಗೆ ಕಣಜದ ಹುಳ ಹೊಸದಲ್ಲ. ಸಾಲಾಗಿ ನಿಲ್ಲಿಸಿದ ಕಲ್ಲಿನ ಸಂದಿಯಲ್ಲಿ ಅದು ಗೂಡು ಕಟ್ಟುತ್ತದೆ, ಕಲ್ಲು ಸರಿಸಿದವನಿಗೆ ಕಡಿಯುತ್ತದೆ. ಕಡಿಸಿಕೊಂಡವನು ಆ ಜಾಗಕ್ಕೆ ಹಾರೆಯ ಕಬ್ಬಿಣ ತಿಕ್ಕಿ ಮತ್ತೆ ಕೆಲಸಕ್ಕೆ ನಿಲ್ಲುತ್ತಾನೆ. ಹೊಸಬನು ನರಳಿದರೆ ಹಳಬರು ನಗುತ್ತಾರೆ: "ಕಡಿಸ್ಕೊಂಡಷ್ಟು ಮೈ ಗಟ್ಟಿ ಆಗ್ತದ." ಇದು ಎಂಥ ಹಸಿ ಸುಳ್ಳು ಎಂಬುದು ಗುರುದೇವಿಗೆ 2004ರ ಬೇಸಿಗೆಯಲ್ಲಿ ತಿಳಿಯಿತು.

ಅವಳ ಗಂಡ ಸಿದ್ದಲಿಂಗೇಶ ಮನೆಯ ಮಗ್ಗುಲಲ್ಲೇ ಕಲ್ಲಿನ ವ್ಯಾಪಾರ ಇಟ್ಟವನು. ಆ ಬೆಳಿಗ್ಗೆ ಕೈ ಹಿಡಿದುಕೊಂಡು ಒಳಗೆ ಬಂದ.

"ಕಣಜ ಕಡೀತು. ಚಹಾ ಮಾಡು."

ಗುರುದೇವಿಗೆ ಯಾವುದನ್ನೂ ಕೆದಕಿ ಕೇಳದೆ ಬಿಟ್ಟು ಗೊತ್ತಿಲ್ಲ. "ಕಡಿದಿದ್ದು ಕೈಗೆ. ಹೊಟ್ಟಿ ಯಾಕ ತುರಿಸ್ಕೊಳ್ಳಾಕತ್ತೀರಿ?"

ಅಂಗಿ ಎತ್ತಿದರೆ ಮೈತುಂಬ ಕೆಂಪು ದದ್ದು.

"ಪಿತ್ತದ ಗಂಧಿ. ನಿನ್ನೆ ನೀ ಬದ್ನಿಕಾಯಿ ತಿನ್ಸಿದ್ದಿ. ಕಂಬಳಿ ಕೊಡು, ಹೊಚ್ಕೊಂಡು ಮಲಗ್ತೀನಿ."

"ಬದ್ನಿಕಾಯಿ ನಾನೂ ತಿಂದೀನಿ. ನನಗ ಯಾಕ ಏಳಲಿಲ್ಲ?"

"ವಕೀಲಿ ಮಾಡಬ್ಯಾಡ. ಕಂಬಳಿ ತಾ."

ಆ ಸುಡುಬಿಸಿಲಿನಲ್ಲಿ ಅವನು ಕಂಬಳಿ ಹೊದ್ದು ಮಲಗಿದ. ಅವಳು ಚಹಾ ಹಿಡಿದು ಬರುವಷ್ಟರಲ್ಲಿ ಅವನ ತುಟಿ ಬಾತಿತ್ತು. ಅಷ್ಟರಲ್ಲಿ ಮಗ್ಗುಲ ಮನೆಯ ಅಮೀರ್ಬೀ ಮೊಸರಿನ ಹೆಪ್ಪು ಕೇಳಲು ಬಂದಳು.

"ಬರ್ರಿ ಖಾಲಾ," ಎಂದ ಸಿದ್ದಲಿಂಗೇಶ. ದನಿ ಅವನದಾಗಿರಲಿಲ್ಲ. ಗಂಟಲಲ್ಲಿ ಬಟ್ಟೆ ತುರುಕಿದ ಹಾಗಿತ್ತು.

ಅಮೀರ್ಬೀ ಬಟ್ಟಲನ್ನು ಕೆಳಗಿಟ್ಟಳು. "ಇವನ ದನಿ ಯಾಕ ಹಿಂಗಾತು?"

"ಪಿತ್ತ ಅಂತಾರ ಖಾಲಾ."

"ಪಿತ್ತ ಗಂಟ್ಲಕ್ಕ ಬರ್ತದೇನು? ನನ್ನ ತಂಗಿಗೆ ಒಂದು ಸೂಜಿ ಒಗ್ಗದ ಹಿಂಗೇ ತುಟಿ ಬಾತಿತ್ತು. ಗಂಧಿ ಜೋಡಿ ತುಟಿ ಬಾತ್ರ, ದಮ್ಮು ಹತ್ತಿದ್ರ ಮನ್ಯಾಗ ಕುಂದ್ರಬ್ಯಾಡ್ರಿ ಅಂತ ಡಾಕ್ಟ್ರು ಹೇಳಿದ್ರು. ಕಂಬಳಿ ತೆಗಿ ಮೊದಲ. ಆ ಚಹಾನೂ ಬ್ಯಾಡ, ನೆತ್ತಿಗೇರ್ತದ."

"ಖಾಲಾ, ಹುಡುಗ ಇದ್ದಾಗಿಂದ ಕಡಿಸ್ಕೊಂಡೀನಿ. ನನ್ನ ಕಡಿದ್ರ ಕಣಜಾನೇ ಸಾಯ್ತದ."

ನಗಲು ಹೋದವನ ಎದೆಯಿಂದ ಸಿಳ್ಳಿನಂಥ ಸದ್ದು ಬಂತು. ಎದ್ದು ನಿಂತ, ಕಾಲು ಕುಸಿಯಿತು.

"ಇವತ್ತು ಕಣಜ ಅಲ್ಲ, ನೀನೇ ಸಾಯ್ತಿ. ಎದ್ದು ನಿಂದ್ರಬ್ಯಾಡ," ಎಂದು ಗದರಿ ಅಮೀರ್ಬೀ ತನ್ನ ಮಗ ಜಿಲಾನಿಯನ್ನು ಕೂಗಿದಳು. ಅವನ ಟಂಟಂ ಆಟೋ ಬಾಗಿಲಿಗೇ ಬಂತು. ನಡೆಸದೆ ಎತ್ತಿ ಕೂಡಿಸಿ, ಬೆನ್ನಿಗೆ ಆಸರೆ ಕೊಟ್ಟು ಒಯ್ದರು. ದಾರಿಯುದ್ದಕ್ಕೂ ಗುರುದೇವಿ ಅವನ ಒಂದೊಂದು ಉಸಿರನ್ನೂ ಕಿವಿಗೊಟ್ಟು ಕೇಳುತ್ತಿದ್ದಳು.

ದವಾಖಾನೆಯಲ್ಲಿ ಡಾಕ್ಟರ್ ಪ್ರಮಿತಾ ಹೆಸರನ್ನೂ ಕೇಳಲಿಲ್ಲ. ತೊಡೆಗೆ ಸೂಜಿ ಚುಚ್ಚಿ, ಮೂಗಿಗೆ ಆಕ್ಸಿಜನ್ ಇಟ್ಟರು. ನಿಧಾನವಾಗಿ ಎದೆಯ ಸಿಳ್ಳು ನಿಂತಿತು. ಆಗ ಗುರುದೇವಿಗೂ ಬಾಯಿ ಬಂತು.

"ಡಾಕ್ಟ್ರೆ, ಇಷ್ಟು ವರ್ಷ ಏನೂ ಆಗಿಲ್ಲ. ಈಗ್ಯಾಕ?"

"ಹೋದ ಸಲ ಕಡಿದಾಗ ಏನಾಗಿತ್ತು?"

"ಮೈತುಂಬ ಗಂಧಿ ಎದ್ದಿದ್ವು. ಕಂಬಳಿ ಹೊಚ್ಚಿದ್ದೆ, ಸಂಜಿಗೆ ಇಳಿದ್ವು."

"ಕಂಬಳಿಗೆ ಇಳಿದಿಲ್ಲ, ತಾವಾಗೇ ಇಳಿದಾವ. ಅವತ್ತೇ ಬರಬೇಕಿತ್ತು. ಇದಕ್ಕ ಅಲರ್ಜಿ ಅಂತಾರ. ನಮ್ಮ ಮೈ ಎಷ್ಟೋ ವರ್ಷ ಸುಮ್ಮನೆ ತಾಳಿದ ಪದಾರ್ಥಾನ ಒಂದಿನ ವೈರಿ ಅಂತ ತಿಳೀತದ. ಆಮ್ಯಾಲ ಅದು ಬಂದಾಗ ಬಡಿದಾಟಕ್ಕ ನಿಲ್ತದ. ಕಣಜ ಇರಲಿ, ಗುಳಿಗಿ ಇರಲಿ, ಶೇಂಗಾ ಇರಲಿ, ಯಾವ ವಯಸ್ಸಿನ್ಯಾಗೂ ಶುರು ಆಗಬಹುದು."

"ಹಂಗಾರ ಕಡಿಸ್ಕೊಂಡೋರೆಲ್ಲ ಇಲ್ಲಿಗೇ ಬರಬೇಕೇನ್ರಿ? ಶಹಾಬಾದಿನ್ಯಾಗ ಕಲ್ಲು ಎತ್ತೋರೇ ಉಳಿಯಂಗಿಲ್ಲ."

ಡಾಕ್ಟರ್ ನಕ್ಕರು. "ಬ್ಯಾಡ. ಕಡಿದಲ್ಲಷ್ಟೇ ಬಾತು ಉರಿದ್ರ ತಣ್ಣೀರ ಬಟ್ಟಿ ಇಡ್ರಿ, ನೋಡ್ಕೋತ ಇರ್ರಿ. ಬಾಯಾಗ ಕಡಿದ್ರ, ಭಾಳ ಹುಳ ಕಡಿದ್ರ ಬರ್ರಿ. ಕಡಿದದ್ದು ಒಂದು ಕಡೆ, ಗಂಧಿ ಎದ್ದದ್ದು ಮೈಯೆಲ್ಲ ಆದ್ರೂ ಬರ್ರಿ. ತುಟಿ, ಗಂಟ್ಲ ಬಾತ್ರ, ದಮ್ಮು ಹತ್ತಿದ್ರ, ಕಣ್ಣಿಗೆ ಕತ್ತಲಿ ಬಂದ್ರ ನಿಮಿಷಾನೂ ಕಾಯಬ್ಯಾಡ್ರಿ."

ಸಿದ್ದಲಿಂಗೇಶ ಎದ್ದು ಕೂತ. "ನಂದು ಆರಾಮ ಆತು. ಲಾರಿ ಬಂದು ನಿಂತದ, ಹೋಗ್ತೀನಿ."

"ಇಳಿದದ್ದು ಕೆಲವು ತಾಸಿಗೆ ಮತ್ತ ಏಳಬಹುದು. ನಾಳಿತನಕ ಇಲ್ಲೇ ಇರಬೇಕು."

"ಲಾರಿ ನಿಂದ್ರಲಿ, ನಿಮ್ಮ ಉಸಿರು ನಿಂದ್ರೋದು ಬ್ಯಾಡ," ಎಂದಳು ಗುರುದೇವಿ.

ಅವನು ಮತ್ತೆ ದಿಂಬಿಗೆ ಒರಗಿದ. ಆಮೇಲೆ ಮೆಲ್ಲಗೆ ಕೇಳಿದ: "ಡಾಕ್ಟ್ರೆ, ಇನ್ನೊಮ್ಮೆ ಕಡಿದ್ರ?"

"ಇದಕ್ಕಿಂತ ಜೋರಾಗಬಹುದು. ಕಡಿದ ಕೂಡಲೇ ಬರ್ರಿ. ಯಾವ ಡಾಕ್ಟ್ರ ಕಡೆ ಹೋದ್ರೂ ಕಣಜದ ಅಲರ್ಜಿ ಅದ ಅಂತ ಮೊದಲು ಹೇಳ್ರಿ."

ಮನೆಗೆ ಮರಳಿದವನು ಕೂಲಿಯವರನ್ನೆಲ್ಲ ಕರೆದ. ಕಲ್ಲು ಸರಿಸುವ ಮೊದಲು ಸಂದಿಯಲ್ಲಿ ಗೂಡು ಇದೆಯೇ ನೋಡಬೇಕೆಂದ. ಒಬ್ಬ ಹಳಬ ಗೊಣಗಿದ: "ಸಾಹುಕಾರ, ಕಡಿಸ್ಕೊಂಡ್ರ ಮೈ ಗಟ್ಟಿ..."

"ನಂದು ಗಟ್ಟಿ ಆಗಿದ್ದು ಗಂಟ್ಲು. ಉಸಿರು ಹೋಗದಂಗ ಗಟ್ಟಿ ಆಗಿತ್ತು. ಬಾಯಿ ಮುಚ್ಚಿ ಗೂಡು ನೋಡು."

ಓದುವ ಅಣ್ಣಂದಿರೇ, ಅಕ್ಕಂದಿರೇ, ಪಿತ್ತ ಎಂದು ಹೆಸರಿಟ್ಟ ಮಾತ್ರಕ್ಕೆ ಅಲರ್ಜಿ ಕಂಬಳಿಯೊಳಗೆ ಸುಮ್ಮನೆ ಮಲಗುವುದಿಲ್ಲ. ಹುಳ ಕಡಿದ ಮೇಲೆ, ಗುಳಿಗೆ ನುಂಗಿದ ಮೇಲೆ, ಏನಾದರೂ ತಿಂದ ಮೇಲೆ ಮೈಯೆಲ್ಲ ದದ್ದೆದ್ದರೆ ಯಾಕೆಂದು ಕೇಳಿರಿ, ಡಾಕ್ಟರಿಗೆ ತೋರಿಸಿರಿ. ಮುಖ ಬಾತರೆ, ದನಿ ಕಟ್ಟಿದರೆ, ಉಸಿರು ಸಾಲದಿದ್ದರೆ, ತಲೆ ತಿರುಗಿದರೆ ಯಾರ ಒಪ್ಪಿಗೆಗೂ ಕಾಯದೆ ದವಾಖಾನೆಗೆ ಓಡಿರಿ. ಏನೂ ಆಗಿಲ್ಲ ಎನ್ನಿಸಿಕೊಂಡು ಮರಳಿ ಬಂದರೆ ಓಣಿಯವರು ನಗಬಹುದು. ನಗಲಿ, ಅವರ ಜೊತೆ ನಗಲು ನೀವಿರುತ್ತೀರಿ.