ಹನ್ನೆರಡು ಮೂರ್ಲ ಮೂವತ್ತಾರು

ನಾನು ಒಂದು ಹಲ್ಲುಚಕ್ರ. ಮದ್ದೂರಿನ ಕಡೆಯ ಒಂದು ಸಣ್ಣ ಎರಕದ ಮನೆಯಲ್ಲಿ, ಮರಳಿನ ಅಚ್ಚಿನೊಳಗೆ ಕೆಂಪಗೆ ಹುಟ್ಟಿದೆ. ಮಾಡಿಸಿದವರು ಆಲೆಮನೆಯ ಬೋರಯ್ಯ. ಅವರ ಎಂಜಿನ್ನಿಗೆ ಹನ್ನೆರಡು ಹಲ್ಲಿನ ಮರಿಚಕ್ರ ಮೊದಲೇ ಇತ್ತು. ಅದರೊಡನೆ ಹಲ್ಲಿಗೆ ಹಲ್ಲು ಕೊಟ್ಟು ಕಬ್ಬಿನ ಗಾಣ ತಿರುಗಿಸುವುದು ನನ್ನ ಕೆಲಸ.

"ಮೂವತ್ತೇಳು ಹಲ್ಲು ಇಡ್ತೀನಿ ಸ್ವಾಮಿ. ಎಲ್ಲಾ ಹಲ್ಲಿಗೂ ಸರದಿ ಬರ್ತದೆ, ಒಂದೇ ಸಮ ಸವೀತದೆ" ಎಂದರು ಎರಕದ ಬಾಷಾ ಸಾಬರು.

"ಹನ್ನೆರಡರ ಮಗ್ಗೀಲಿ ಮೂವತ್ತೇಳು ಎಲ್ಲಯ್ಯ ಬತ್ತದೆ? ಹನ್ನೆರಡ್ ಮೂರ್ಲ ಮೂವತ್ತಾರು. ಶೇಷ ಉಳಿಯೋದು ನನ್ನ ಗಾಣಕ್ಕೆ ಬ್ಯಾಡ" ಎಂದರು ಬೋರಯ್ಯ.

ಮೂವತ್ತಾರೇ ಆಯಿತು.

ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದವಳು ಸಾಕವ್ವ. ಗಂಡನಿಲ್ಲದ ಅವಳ ಮನೆ ಆ ಎರಡು ಕೈಗಳ ಮೇಲೆ ನಿಂತಿತ್ತು. ನಾಲ್ಕನೆಯ ವರ್ಷ, ಕಬ್ಬಿನ ಹೊರೆಯಲ್ಲಿ ಸೇರಿ ಬಂದ ಕುಡುಗೋಲೊಂದು ಗಾಣಕ್ಕೆ ಸಿಕ್ಕಿ, ಆ ಜಗ್ಗಾಟಕ್ಕೆ ಮರಿಚಕ್ರದ ಒಂದು ಹಲ್ಲು ಮುಕ್ಕಾಯಿತು. ಅಂದಿನಿಂದ ಟಕ್, ಟಕ್ ಎಂಬ ಸದ್ದು. ನಾನು ಒಂದು ಸುತ್ತು ಬರುವಷ್ಟರಲ್ಲಿ ಮರಿಚಕ್ರಕ್ಕೆ ಸರಿಯಾಗಿ ಮೂರು ಸುತ್ತು. ಹಾಗಾಗಿ ಆ ಮುಕ್ಕು ಹಲ್ಲು ಪ್ರತಿ ಸಲವೂ ನನ್ನ ಅವೇ ಮೂರು ಹಲ್ಲುಗಳನ್ನು ಕುಟ್ಟುತ್ತಿತ್ತು: ಒಂದು, ಹದಿಮೂರು, ಇಪ್ಪತ್ತೈದು.

ಎಂಜಿನ್ ನಿಂತಿದ್ದಾಗ ಸಾಕವ್ವ ಎಲೆಯಡಿಕೆ ಸಂಚಿಯಿಂದ ಸುಣ್ಣ ತೆಗೆದು ಮುಕ್ಕು ಹಲ್ಲಿಗೆ ದಪ್ಪಗೆ ಮೆತ್ತಿ, ನಮ್ಮನ್ನು ಕೈಯಲ್ಲೇ ತಿರುಗಿಸಿದಳು. ಸುಣ್ಣ ಮೂರೇ ಹಲ್ಲಿಗೆ ಅಂಟಿತ್ತು.

"ಮೂರನ್ನೇ ತಿಂತಾ ಅದೆ ಕಣಣ್ಣೋ! ಮುರದ್ರೆ ನನ್ ಗತಿ ಏನು?"

"ಮೂವತ್ತಾರರಲ್ಲಿ ಮೂರು ತಾನೆ? ಮೂವತ್ಮೂರು ಕಲ್ಲಿನಂಗವೆ. ಕಡಿದ ಕಬ್ಬು ಹುಳಿ ಬತ್ತದೆ, ನಡೀ ನಡೀ" ಎಂದರು ಬೋರಯ್ಯ.

ಮೂರನೆಯ ದಿನ ನನ್ನ ಹದಿಮೂರನೆಯ ಹಲ್ಲು ಮುರಿಯಿತು. ಗಾಣ ತಡವರಿಸಿ ನಿಂತಿತು. ಸಿಕ್ಕಿಕೊಂಡ ಕಬ್ಬನ್ನು ಈಚೆಗೆ ಎಳೆಯಲು ಸಾಕವ್ವ ಕೈ ಹಾಕಿದಳು. ಎಂಜಿನ್ ಇನ್ನೂ ಓಡುತ್ತಿತ್ತು; ಅಷ್ಟರಲ್ಲಿ ಮರಿಚಕ್ರ ನನ್ನ ಮುಂದಿನ ಹಲ್ಲನ್ನು ಕಚ್ಚಿತು. ಆ ಹಲ್ಲು ಗಟ್ಟಿಯಾಗಿತ್ತು. ನಾನು ತಿರುಗಿದೆ, ನನ್ನೊಡನೆ ಗಾಣವೂ.

ನನ್ನನ್ನು ಬಿಚ್ಚಿ ಸಿಪ್ಪೆಯ ರಾಶಿಯ ಹಿಂದೆ ಎಸೆದರು. ತಿಂಗಳಾದ ಮೇಲೆ ಸಾಕವ್ವ ಕೆಲಸ ಕೇಳಿಕೊಂಡು ಬಂದಳು. ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ.

"ಎರಡು ತಾನೆ ಕಣವ್ವ, ಇನ್ನೂ ಎಂಟು ಅವಲ್ಲ" ಎಂದರು ಬೋರಯ್ಯ. ಸಮಾಧಾನ ಹೇಳುವ ದನಿಯೇ ಅದು.

"ಹಿಡಿಯೋವು ಆ ಎರಡೇ ಕಣಯ್ಯ" ಎಂದಳು ಅವಳು.

ಆಮೇಲೆ ಅವಳು ಬರಲಿಲ್ಲ. ನಾನು ಇಲ್ಲೇ ಬಿದ್ದಿದ್ದೇನೆ. ಪೆಟ್ಟನ್ನೇ ಕಾಣದ ನನ್ನ ಮೂವತ್ತಮೂರು ಹಲ್ಲುಗಳು ಇಂದಿಗೂ ಹೊಸದರಂತೆ ನೆಟ್ಟಗಿವೆ. ಅವು ಯಾರಿಗೂ ಬೇಡ. ತುಕ್ಕು ಮಾತ್ರ ಎಲ್ಲವನ್ನೂ ಒಂದೇ ಸಮ ತಿನ್ನುತ್ತಿದೆ.