ಅಕ್ಕನ ಬಣ್ಣ ಬರೋ ಪ್ರಿಂಟರ್

ನಮ್ಮ ಅಕ್ಕ ಮಧುಮತಿಯನ್ನು ನೋಡೋಕೆ ಬಂದ ಮೂರನೇ ಕಡೆಯವರಲ್ಲಿ ಒಬ್ಬಳು ಹೆಂಗಸು ಏನು ಮಾಡಿದಳು ಗೊತ್ತಾ? ಕೈಯಲ್ಲಿದ್ದ ಫೋಟೋ ನೋಡಿದಳು. ಅಕ್ಕನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು. ಆಮೇಲೆ ಅದನ್ನು ಮಗುಚಿ ಖಾರಾಬೂಂದಿ ತಟ್ಟೆ ಪಕ್ಕ ಇಟ್ಟು, "ಸ್ಟುಡಿಯೋದವ್ರು ಚೆನ್ನಾಗಿ ತೆಗ್ದವ್ರೆ" ಅಂದಳು. ಅಷ್ಟೇ. ಕಾಫಿ ಮಾತ್ರ ಪೂರ್ತಿ ಕುಡಿದು ಹೋದರು. ಆ ಲೋಟಗಳನ್ನೂ ಅಕ್ಕನೇ ತೊಳೆದಳು.

ಅಕ್ಕ ಕಪ್ಪು. ಈ ಒಂದು ಪದ ಹೇಳೋಕೆ ನಮ್ಮ ಮನೆಯಲ್ಲಿ ಯಾರಿಗೂ ನಾಲಿಗೆ ಹೊರಳಲ್ಲ. ಅಮ್ಮ ಅಂಕಮ್ಮ "ಎಣ್ಣೆಗೆಂಪು" ಅಂತಾಳೆ. ಗಂಡು ಹುಡುಕೋ ನಮ್ಮ ಸೋದರಮಾವ ಗಂಗಯ್ಯ ಗೊಟ್ಟಿಗೆರೆಯಿಂದ ಜಯನಗರದ ತನಕ "ಗೋಧಿ ಬಣ್ಣ" ಅಂತ ಸಾರಿಕೊಂಡು ತಿರುಗ್ತಾನೆ. ಜೆ.ಪಿ. ನಗರದ ಸ್ಟುಡಿಯೋದವನು ಇವರಿಬ್ಬರನ್ನೂ ಮೀರಿಸಿದ. ಕಂಪ್ಯೂಟರಲ್ಲಿ ಕೂತು ಅಕ್ಕನ ಮುಖಕ್ಕೆ ಸುಣ್ಣ ಬಳಿದ ಹಾಗೆ ಮಾಡಿ ಕೊಟ್ಟಿದ್ದ.

ಮೂರನೆಯವರು ಹೋದ ಮರುದಿನವೇ ಅವನ ಸ್ಟುಡಿಯೋಗೆ ನುಗ್ಗಿದೆ.

"ಇದ್ಯಾರೋ ಇದು?" ಅಂತ ಫೋಟೋ ಎಸೆದೆ.

"ನಿಮ್ ಸಿಸ್ಟರ್ ಅಲ್ವಾ ಗುರು? ಫೇಸಿಗೆ ಸ್ವಲ್ಪ ಲೈಟ್ ಕೊಟ್ಟಿದೀವಿ. ಎಲ್ರಿಗೂ ಕೊಡ್ತೀವಿ."

"ಕೇಳಿದ್ವಾ ನಿನ್ನ?"

"ಕೇಳ್ದೇ ಕೊಟ್ರೆ ಎಲ್ರೂ ಥ್ಯಾಂಕ್ಸ್ ಅಂತಾರೆ. ನೀನೊಬ್ಬ ಬಂದೆ ನೋಡು ಜಗಳಕ್ಕೆ."

ಅವನ ಶೋಕೇಸಿನ ಗಾಜು ನನ್ನ ಮೊಣಕೈಗೆ ಹೇಗೆ ಸಿಕ್ಕಿತೋ ನನಗೆ ನೆನಪಿಲ್ಲ. ಬಿರುಕು ಬಿದ್ದಿದ್ದು ನೆನಪಿದೆ. ಇನ್ನು ಮೇಲೆ ಯಾವ ಸ್ಟುಡಿಯೋದ ಹೊಸಿಲನ್ನೂ ತುಳಿಯಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಮನೆಗೆ ಬಂದು ಅಕ್ಕನಿಗೆ ಗಾಜಿನ ವಿಷಯ ಹೇಳಿದೆ. ಕೋಣನಕುಂಟೆಯ ನಮ್ಮ ಮನೆಯ ನಡುಮನೆಯಲ್ಲೇ ಅವಳ ಹೊಲಿಗೆ ಮಷೀನು. ಅದನ್ನು ತುಳಿಯೋದು ನಿಲ್ಲಿಸಿ ಒಂದೇ ಮಾತು ಹೇಳಿದಳು.

"ನಾನು ಇನ್ನೊಂದ್ ಸಲ ಸೀರೆ ಉಟ್ಕೊಂಡು ಯಾರ್ ಮುಂದೇನಾದ್ರೂ ಕೂತ್ಕೋಬೇಕು ಅಂದ್ರೆ, ನಾನ್ ಹೆಂಗಿದೀನೋ ಹಂಗೇ ಫೋಟೋ ಹೋಗ್ಬೇಕು. ಬೇಡ ಅನ್ನೋರು ಅವರ ಮನೇಲೇ ಕೂತು ಬೇಡ ಅನ್ಲಿ. ಇಲ್ಲಿಗ್ ಬಂದು ನನ್ ಮುಖ ನೋಡ್ಕೊಂಡು ಅನ್ನೋದ್ ಬೇಡ."

ಪುಟ್ಟೇನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರೋ ಒಂದು ಸಂಬಂಧ ಇದೆ, ಬುಧವಾರ ಫೋಟೋ ಬೇಕು ಅಂತ ಮಾವ ಹೇಳಿ ಕಳಿಸಿದ್ದ. ನಾನು ಕೆಲಸ ಮಾಡೋ ಗ್ಯಾರೇಜಿನ ಓನರ್ ಹತ್ತಿರ ಡಿಜಿಟಲ್ ಕ್ಯಾಮೆರಾ ಇತ್ತು. ಭಾನುವಾರ ಇಸ್ಕೊಂಡು ಬಂದು ಅಕ್ಕನನ್ನು ಬಾಗಿಲ ಬಳಿ ಬೆಳಕಿಗೆ ನಿಲ್ಲಿಸಿ ನಾನೇ ಹೊಡೆದೆ. ಚೆನ್ನಾಗಿ ಬಂತು. ಕಂಪ್ಯೂಟರ್ ನಮ್ಮ ಮನೆಯಲ್ಲಿಲ್ಲ, ಒಂಬತ್ತನೇ ಕ್ಲಾಸಿಗೆ ಚೀಲ ಬಿಸಾಕಿ ಬಂದವನಿಗೆ ಅದರ ಉಸಾಬರಿಯೂ ಬೇಕಿಲ್ಲ. ಆದರೆ ಕ್ಯಾಮೆರಾದ ಕಾರ್ಡನ್ನು ನೇರವಾಗಿ ತೂರಿಸಿದರೆ ಫೋಟೋ ಹಾಕಿ ಕೊಡೋ ಪ್ರಿಂಟರ್‌ಗಳು ಆಗಲೇ ಬಂದಿದ್ದವು. ಎರಡು ಸಾವಿರದ ಏಳನೇ ಇಸವಿ. ಸೆಕೆಂಡ್ ಹ್ಯಾಂಡ್ ಬೈಕಿಗೆ ಅಂತ ಎತ್ತಿಟ್ಟಿದ್ದನ್ನು ಜೇಬಿಗೆ ಹಾಕಿಕೊಂಡು ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ.

ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳೋದು ಬೇಕಿರಲಿಲ್ಲ. ಬನಶಂಕರಿಯ ಗ್ಯಾರೇಜಿನಲ್ಲಿ ಏಳು ವರ್ಷದಿಂದ ಗಾಡಿಗಳಿಗೆ ಸ್ಪ್ರೇ ಪೇಂಟ್ ಹೊಡೀತೀನಿ. ಬಿಸಿಲಿಗೆ ಮಾಸಿದ ಮರೂನ್ ಟ್ಯಾಂಕಿಗೆ ಹೊಸ ಪೇಂಟು ಕೂರಿಸಬೇಕಾದರೆ ಡಬ್ಬದ ಮೇಲಿನ ನಂಬರ್ ನಂಬಿ ಕೆಲಸ ಮಾಡೋಕಾಗಲ್ಲ. ಗಾಡಿಯ ಒಂದು ಭಾಗ ಬಿಚ್ಚಿಕೊಂಡು ಹೊರಗೆ ಬಿಸಿಲಿಗೆ ಹಿಡಿದು, ಕಲಸಿದ ಬಣ್ಣವನ್ನು ಅದರ ಪಕ್ಕಕ್ಕೇ ಇಟ್ಟು ನೋಡಬೇಕು. ಟ್ಯೂಬ್‌ಲೈಟ್ ಸುಳ್ಳು ಹೇಳುತ್ತೆ. ನನ್ನ ಕೈಲಿ ಹೊಡೆಸಿದ ಗಾಡಿಯಲ್ಲಿ ಹಳೇದು ಎಲ್ಲಿ ಮುಗೀತು, ಹೊಸದು ಎಲ್ಲಿ ಶುರುವಾಯ್ತು ಅಂತ ಯಾರೂ ತೋರಿಸೋಕಾಗಲ್ಲ.

ಅಂಗಡಿಯಲ್ಲಿ ಟೈ ಕಟ್ಟಿದ್ದ ಹುಡುಗ ಎದುರಿಗೆ ಬಂದ. ಸಂಗಮೇಶ ಅಂತ ಎದೆ ಮೇಲೆ ಹೆಸರಿತ್ತು. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದನಂತೆ. ಆ ಮೆತ್ತಗಿನ ಮಾತು ಕೇಳಿದ ಕೂಡಲೇ ನನಗೆ ಮೈ ಉರಿಯಿತು.

"ಬರ್ರಿ ಅಣ್ಣಾರ. ಫೋಟೋ ಪ್ರಿಂಟರ್ ಏನ್ರಿ? ಈ ಗಿಳಿ ನೋಡ್ರಿ, ಪುಕ್ಕಾ ಪುಕ್ಕಾ ಎಣಸಬಹುದು."

ಪ್ರಿಂಟರ್‌ಗಳ ಮೇಲೆಲ್ಲ ಕಂಪನಿಯವರೇ ಕೊಟ್ಟ ಫೋಟೋ ಅಂಟಿಸಿದ್ದರು. ಒಂದರ ಮೇಲೆ ಗಿಳಿ. ಇನ್ನೊಂದರ ಮೇಲೆ ಹಣ್ಣಿನ ಬುಟ್ಟಿ ಹಿಡಿದ ಬಿಳೀ ಹೆಂಗಸು.

"ಗಿಳಿಗೆ ಮದ್ವೆ ಮಾಡ್ತಿಲ್ಲ ನಾನು. ನಮ್ ಫೋಟೋ ಹಾಕು."

"ಹಾಕೂಣ್ರಿ. ಕಾರ್ಡ್ ಕೊಡ್ರಿ."

ಕಾರ್ಡ್ ಹಾಕೋ ಮಷೀನುಗಳು ಮೂರಿದ್ದವು. ಮೂರರಲ್ಲೂ ಅಕ್ಕನ ಒಂದೇ ಫೋಟೋ ಹಾಕಿಸಿದೆ. ಒಣಗಿದ ಮೇಲೆ ಮೂರನ್ನೂ ಎತ್ತಿಕೊಂಡು ಬಾಗಿಲ ಕಡೆ ಹೊರಟೆ.

"ಅಣ್ಣಾರ, ಹೊರಗ ಒಯ್ಯಾಂಗಿಲ್ರಿ."

"ನಿನ್ ಟ್ಯೂಬ್‌ಲೈಟಲ್ಲಿ ಬಣ್ಣ ನೋಡಕ್ಕೆ ನಾನೇನ್ ಕುರುಡನಾ?"

ಫುಟ್‌ಪಾತಿನಲ್ಲಿ ನಿಂತಿದ್ದ ಯಾರದೋ ಸ್ಕೂಟರಿನ ಸೀಟಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟೆ. ಪಕ್ಕದಲ್ಲಿ ಸೀಬೆಹಣ್ಣು ಮಾರುತ್ತಿದ್ದ ಅಜ್ಜಿ ಕತ್ತು ಚಾಚಿ ನೋಡಿ, "ಯಾರಪ್ಪ ಇವ್ರು, ಅಕ್ಕತಂಗೀರಾ?" ಅಂದಳು.

ತಪ್ಪಲ್ಲ ಅವಳದು. ಮೊದಲನೇದರಲ್ಲಿ ಅಕ್ಕನ ಮುಖ ಇಟ್ಟಿಗೆ ಥರ ಕೆಂಪು. ಅದನ್ನು ಅಲ್ಲೇ ತಳ್ಳಿದೆ. ಎರಡನೇದನ್ನು ಕೈಗೆ ತಗೊಂಡೆ, ಪಿತ್ತ ನೆತ್ತಿಗೇರಿತು.

"ಇದೇನೋ ಇದು? ಕೊಳೆ ನೀರಲ್ಲಿ ಅದ್ದಿ ತೆಗೆದ್ ಹಂಗಿದೆ. ಇದಕ್ಕೂ ಕಾಸ್ ಕೇಳ್ತೀರಾ ನೀವು?"

ಮೂರನೇದು ನೋಡಿದೆ. ಅದರಲ್ಲಿ ಅಕ್ಕ ನಗುತ್ತಿದ್ದಳು, ಕೆನ್ನೆ ಮೇಲೆ ಬೆಳಕು ಕೂತಿತ್ತು, ಕಣ್ಣು ಎದ್ದು ಕಾಣುತ್ತಿತ್ತು. ಸ್ಟುಡಿಯೋದವನ ಸುಣ್ಣ ಅಲ್ಲ, ಜೀವ ಇರೋ ಬಣ್ಣ. ಇವಳೇ ನಮ್ಮಕ್ಕ ಅನ್ನಿಸಿತು. ಆಣೆ ಮಾಡಿ ಹೇಳ್ತೀನಿ, ಹಾಗೇ ಅನ್ನಿಸಿತು.

ಸಂಗಮೇಶ ನನ್ನ ಹಿಂದೆಯೇ ಬಂದು ನಿಂತಿದ್ದ. "ಅಣ್ಣಾರ, ಬೈಬ್ಯಾಡ್ರಿ. ಎರಡನೇ ಮಷೀನ್ ಬಣ್ಣ ತಿದ್ದೂದಿಲ್ರಿ, ಕ್ಯಾಮೆರಾ ಕೊಟ್ಟಿದ್ದನ್ನ ಕೊಡತೈತಿ. ಮೂರನೇದು ಮುಖ ಎಲ್ಲೈತಿ ಹುಡುಕಿ ತಾನಾ ಬೆಳಕ ಹಾಕತೈತಿ. ಅಕ್ಕಾರನ್ನ ಒಮ್ಮೆ ಕರಕೊಂಡ ಬಂದ್ರ..."

"ಯಾಕೋ? ನಮ್ಮಕ್ಕನ್ನ ಯಾಕ್ ಕರ್ಕೊಂಡ್ ಬರ್ಲಿ ನಿನ್ ಅಂಗಡಿಗೆ? ನಿನ್ನೆ ಮೊನ್ನೆ ಬಸ್ ಹತ್ಕೊಂಡ್ ಬಂದೋನು ನಂಗೆ ಬಣ್ಣ ಹೇಳ್ಕೊಡ್ತೀಯಾ?"

ಅವನ ಮುಖ ಬಿಗಿಯಾಯಿತು. "ಹತ್ತು ತಿಂಗಳಾತ್ರಿ ಬಂದು. ಬರೇ ಕೇಳಿದ್ನಿ. ನಿಮ್ಮ ಅಕ್ಕಾರು, ನಿಮ್ಮ ಕಣ್ಣು. ಮೂರನೇದು ಪ್ಯಾಕ್ ಮಾಡ್ಲೇನ್ರಿ?"

"ಮಾಡು. ಈ ಮೂರೂ ಪ್ರಿಂಟ್ ನಂಗ್ ಬೇಕು. ನಮ್ಮಕ್ಕನ್ ಫೋಟೋ ನಿನ್ ಗಿಳಿ ಪಕ್ಕ ನೇತಾಕಕ್ಕಲ್ಲ."

ಡಬ್ಬವನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಅಕ್ಕ ಬ್ಲೌಸೊಂದಕ್ಕೆ ಕೊಕ್ಕೆ ಹಾಕುತ್ತಿದ್ದಳು. ಪ್ರಿಂಟರನ್ನು ಟಿವಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಕಾರ್ಡ್ ತೂರಿಸಿ, ಒಂದು ಪ್ರಿಂಟ್ ತೆಗೆದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಈಸ್ಕೊಂಡಳು.

"ಎಷ್ಟ್ ಲಕ್ಷಣವಾಗ್ ಬಂದೈತೆ! ನನ್ ಕೂಸೇ ಇದು."

"ಮತ್ತೆ? ಮೂರ್ ಮಷೀನಲ್ಲಿ ಹಾಕ್ಸಿ, ರೋಡಿಗ್ ತಂದು, ಬಿಸ್ಲಲ್ಲಿ ನೋಡಿ ತಂದಿದೀನಿ" ಅಂದೆ.

ಅಕ್ಕ ಪ್ರಿಂಟ್ ತಗೊಂಡು ಬಹಳ ಹೊತ್ತು ನೋಡಿದಳು. "ಇನ್ನೆರಡು ಎಲ್ಲಿ?"

ಕೊಟ್ಟೆ. ಅವಳು ಎದ್ದು ಹೊಸಿಲಿನ ಹತ್ತಿರ ಹೋಗಿ ಕೂತಳು. ಮೂರನ್ನೂ ನೆಲದ ಮೇಲೆ ಹರಡಿದಳು. ಸೀರೆಗೆ ಫಾಲ್ ಹಚ್ಚೋವಾಗ ದಾರದ ಎಳೆಯನ್ನು ಬಟ್ಟೆ ಮೇಲೆ ಇಟ್ಟು ನೋಡ್ತಾಳಲ್ಲ, ಹಾಗೇ, ಬಳೆ ಮೇಲಕ್ಕೆ ಸರಿಸಿ ತನ್ನ ಮುಂಗೈಯನ್ನು ಪ್ರಿಂಟ್‌ಗಳ ಪಕ್ಕ ಇಟ್ಟಳು.

"ಬಾರೋ ಇಲ್ಲಿ. ನಿನ್ ಕೆಲ್ಸ ತಾನೆ ಇದು? ಮ್ಯಾಚ್ ಮಾಡು."

ನಾನು ಬಗ್ಗಿ ನೋಡಿದೆ. ಎರಡನೇ ಪ್ರಿಂಟಿನಲ್ಲಿದ್ದ ಕೆನ್ನೆ ಮತ್ತು ಅವಳ ಮುಂಗೈ ಒಂದರೊಳಗೊಂದು ಸೇರಿಕೊಂಡಿದ್ದವು. ಎಲ್ಲಿ ಮುಗೀತು, ಎಲ್ಲಿ ಶುರುವಾಯ್ತು ತೋರಿಸೋಕಾಗದ ಹಾಗೆ. ನನ್ನ ಮೂರನೇದು ಅವಳ ಕೈ ಪಕ್ಕ ಬೇರೆ ಯಾರದೋ ಮನೆ ಹೆಣ್ಣಿನ ಹಾಗೆ ಕಂಡಿತು.

"ಇದನ್ನ್ಯಾಕೆ ತರ್ಲಿಲ್ಲ?" ಅಂತ ಎರಡನೇದನ್ನು ಎತ್ತಿ ಹಿಡಿದಳು.

"ಅದು... ಡಲ್ ಹೊಡೀತಿತ್ತು."

"ಅಂಗಡೀಲಿ ಏನಂದೆ ಇದನ್ನ ನೋಡಿ? ಸುಮ್ನೆ ಬಂದಿರಲ್ಲ ನೀನು. ಏನಾದ್ರೂ ಅಂದೇ ಇರ್ತೀಯ."

ಸುಳ್ಳು ಹೇಳಬಹುದಿತ್ತು. ನನ್ನ ಬಾಯಿ ಅಷ್ಟು ಚುರುಕಿಲ್ಲ. "ಕೊಳೆ ನೀರಲ್ಲಿ ಅದ್ದಿದ್ ಹಂಗಿದೆ ಅಂದೆ."

ಅಮ್ಮ "ಬುಡು ಮಗ, ಮಷೀನ್ಗಲ್ವಾ ಅವನು ಬೈದಿದ್ದು" ಅಂದಳು. ಅಕ್ಕ ಅವಳ ಕಡೆ ತಿರುಗಲೂ ಇಲ್ಲ.

"ಆ ಹೆಂಗಸಾದ್ರೂ ಬಾಯ್ಬಿಟ್ಟು ಅನ್ಲಿಲ್ಲ. ಮಗುಚಿಟ್ಟು ಹೋದ್ಲು."

"ನಿಂಗೋಸ್ಕರ ಕಣೇ ಮಾಡಿದ್ದು!" ಕೂಗಿದೆ. "ಬೈಕ್ ಬಿಟ್ಟು ಇದನ್ನ ತಂದೆ!"

"ಸ್ಟುಡಿಯೋದವ್ನೂ ನಂಗೋಸ್ಕರಾನೇ ಮಾಡಿದ್ದು. ಅವನ್ ಗಾಜು ಒಡ್ದು ಬಂದೆ. ನಿಂದು ಏನ್ ಒಡೀಲಿ ನಾನು?"

ಡಬ್ಬಕ್ಕೆ ಒದ್ದೆ. ಅದು ಖಾಲಿ ಡಬ್ಬ, ಹೋಗಿ ಗೋಡೆಗೆ ಬಡಿದು ಬಿತ್ತು. ಅಕ್ಕ ಎರಡನೇ ಪ್ರಿಂಟನ್ನು ಎತ್ತಿಟ್ಟುಕೊಂಡು ಮತ್ತೆ ಕೊಕ್ಕೆ ಹಾಕೋಕೆ ಕೂತಳು.

ಬುಧವಾರ ಬೆಳಿಗ್ಗೆ ಗಂಗಯ್ಯ ಮಾವ ಬಂದ. ಕಂಕುಳಲ್ಲಿ ಡೈರಿ, ಡೈರಿಯೊಳಗೆ ಹತ್ತು ಮನೆಯ ಹೆಣ್ಣುಗಳ ಫೋಟೋ. ಅಕ್ಕ ಎರಡನೇ ಪ್ರಿಂಟನ್ನು ಅವನ ಕೈಗಿಟ್ಟಳು.

"ಇದಾ?" ಮಾವ ಬಾಯಿ ಸೊಟ್ಟ ಮಾಡಿದ. "ತಾಯೀ, ಗಿರಣಿಯೋರು ಹಿಟ್ಟಲ್ಲೇ ಇರೋ ಜನ. ಬೆಳ್ಳಗಿರೋದೇ ಕೇಳ್ತಾರೆ."

"ಅದನ್ನೇ ತೋರ್ಸಿ ಮಾವ. ಇಲ್ಲಾಂದ್ರೆ ನಾನ್ ಆಚೆ ಬರಲ್ಲ."

ಟಿವಿ ಪಕ್ಕ ಬಿದ್ದಿದ್ದ, ನಮ್ಮ ಪ್ರಿಂಟರಿನ ಬೆಳ್ಳಗಿನ ಫೋಟೋ ಮಾವನ ಕಣ್ಣಿಗೆ ಬಿತ್ತು. ಅಕ್ಕ ಕಾಫಿ ತರೋಕೆ ಒಳಗೆ ಹೋದಳು. ಅವಳು ಬರೋದರೊಳಗೆ ಅದು ಡೈರಿ ಸೇರಿತ್ತು. ನಾನು ನೋಡಿದೆ. ಅವನ ಮೊಪೆಡ್ ಮೇನ್ ರೋಡಿಗೆ ತಿರುಗೋ ಮೂಲೆಯಲ್ಲಿ ಓಡಿ ಹೋಗಿ ಹ್ಯಾಂಡಲ್ ಹಿಡಿದೆ.

"ಮಾವ, ಡೈರಿ ತೆಗಿ."

"ಯಾಕ್ಲಾ?"

"ತೆಗಿ ಅಂದೆ."

"ನೀನೇ ತಾನೆ ಹಾಕ್ಸಿದ್ದು ಈ ಫೋಟೋನ? ಅವಳ್ ಬಾಳು ನೆಟ್ಟಗಾಗ್ಲಿ ಅಂತ ನಿಂಗೂ ಆಸೆ, ನಂಗೂ ಆಸೆ. ನಾವಿಬ್ರೂ ಒಂದೇ ಕಣ್ಲಾ."

ಅವನು ಬೈದಿದ್ದರೆ ತಡ್ಕೋತಿದ್ದೆ. ಈ ಮಾತು ತಡ್ಕೊಳ್ಳೋಕಾಗಲಿಲ್ಲ. ಡೈರಿ ಕಿತ್ತುಕೊಂಡೆ. ಯಾರ್ಯಾರದೋ ಮಕ್ಕಳ ಫೋಟೋ ರಸ್ತೆ ಮೇಲೆಲ್ಲ ಚೆಲ್ಲಿದವು. ನಮ್ಮದನ್ನು ಹೆಕ್ಕಿ ತೆಗೆದು ನಾಲ್ಕು ಚೂರು ಮಾಡಿದೆ. ಮಿಕ್ಕವನ್ನು ಮಾವ ಧೂಳು ಒರೆಸಿ ಒರೆಸಿ ಒಳಗಿಡುತ್ತಾ, "ಕೊಬ್ಬು ಕಣ್ಲಾ ನಿಂಗೆ, ಕೊಬ್ಬು" ಅನ್ನುತ್ತಿದ್ದ.

ನಾಲ್ಕು ದಿನ ಆದ ಮೇಲೆ ಮಾವನ ಫೋನ್ ಬಂತು. ಪುಟ್ಟೇನಹಳ್ಳಿಯವರು ಬೇಡ ಅಂದರಂತೆ, ಫೋಟೋ ವಾಪಸ್ ಕೊಟ್ಟರಂತೆ. ಅಮ್ಮ ಒಲೆ ಮುಂದೆ ಕೂತು ಅತ್ತಳು. ಅಕ್ಕ "ಬರಲ್ವಂತಾ?" ಅಂತ ಒಂದು ಸಲ ಕೇಳಿದಳು. ಇಸ್ತ್ರಿ ಮಾಡಿ ನೇತು ಹಾಕಿದ್ದ ಸೀರೆಯನ್ನು ಮಡಿಸಿ ಬೀರುವಿಗಿಟ್ಟು, ಮಧ್ಯಾಹ್ನ ಎರಡು ತುತ್ತು ಜಾಸ್ತಿಯೇ ಉಂಡಳು. ಈ ಸಲ ಯಾರೂ ಬಂದು ಅವಳನ್ನೂ ಫೋಟೋನೂ ತಿರುಗಿ ತಿರುಗಿ ನೋಡಲಿಲ್ಲ, ಅಷ್ಟು ಮಟ್ಟಿಗೆ ಅವಳ ಮಾತು ನಡೆದಿತ್ತು. ನನ್ನ ಜೊತೆ ಮಾತ್ರ ಮಾತಿಲ್ಲ. ಏನಿದ್ದರೂ "ಅಮ್ಮಾ, ಅವನಿಗೆ ಹೇಳು" ಅಂತ.

ಪ್ರಿಂಟರ್ ಹೊತ್ತುಕೊಂಡು ಅಂಗಡಿಗೆ ಹೋದೆ. ಮಾರಿದ್ದು ವಾಪಸ್ ತಗೊಳ್ಳಲ್ಲ ಅಂದರು. ನಾನು ಬಾಯಿ ತೆಗೆಯೋ ಮೊದಲೇ ಸಂಗಮೇಶ ಅದಕ್ಕೆ ಕರೆಂಟ್ ಕೊಟ್ಟು, ಎರಡು ಗುಂಡಿ ಒತ್ತಿ ತೋರಿಸಿದ.

"ಮುಖಕ್ಕ ಬೆಳಕ ಹಾಕೂದು ಹಿಂಗ ಬಂದ್ ಮಾಡಾಕ ಬರತೈತ್ರಿ. ಅವತ್ತ ಹೇಳಾಕ ನೀವು ಬಿಡಲಿಲ್ಲ." ಒಂದು ಚೂರೂ ನಗದೆ ಹೇಳಿದ. ಅಣ್ಣಾರ ಅನ್ನಲಿಲ್ಲ ಈ ಸಲ.

ಮನೆಗೆ ಬಂದು ಆ ಬೆಳಕು ಬಂದ್ ಮಾಡಿ ಒಂದು ಪ್ರಿಂಟ್ ತೆಗೆದೆ. ಹೊಸಿಲ ಹತ್ತಿರ ಬಿಸಿಲಿಗೆ ಹಿಡಿದೆ. ಹೊಲಿಯುತ್ತಿದ್ದ ಅಕ್ಕನ ಹತ್ತಿರ ತಗೊಂಡು ಹೋಗಿ ಮಷೀನಿನ ಹಲಗೆ ಮೇಲೆ ಇಟ್ಟೆ.

"ಸರಿ ಇದೆಯಾ ನೋಡೇ" ಅಂದೆ.

ಅವಳು ಬಟ್ಟೆಯಿಂದ ಕಣ್ಣೆತ್ತಲಿಲ್ಲ. ಒಂದು ವಾರದ ಮೇಲೆ ನನಗೆ ಅಂತ ಆಡಿದ ಮೊದಲ ಮಾತು ಅದು.

"ನನ್ ಬಣ್ಣ ನಂಗೊತ್ತು. ನೀನ್ ನೋಡ್ಕೋ."